ಹೀಟರ್ ಪ್ಲಗ್ಗಿನ ಉಸ್ತಾದರು

ನಮ್ಮ ಉಸ್ತಾದರಿಗೆ ಎಡ ಹುಬ್ಬು ಇರಲಿಲ್ಲ. ಆ ಜಾಗ ಸುಲಿದ ಮೊಟ್ಟೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ಹೆಬ್ಬಾಳದ ಕೆರೆ ಕಡೆಯ ರಸ್ತೆಯಲ್ಲಿ ಅವರದೊಂದು ತಗಡಿನ ಗ್ಯಾರೇಜು. ಯಾವ ಗಾಡಿ ಬಂದರೂ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರಂತೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇವತ್ತು ಬರೆಯದೆ ಇರಲಾಗುತ್ತಿಲ್ಲ. ಮೊನ್ನೆ ಮೊಮ್ಮಗಳ ಕಾರಿನಲ್ಲಿ, ಇಂಜಿನ್ನಿಗೆ ಏನೋ ಆಗಿದೆ ಎನ್ನುವ ಹಳದಿ ದೀಪ ಹತ್ತಿಕೊಂಡಿತು. ಅವಳೇ ಕಾರಿನಡಿಗೆ ನುಗ್ಗಿ, ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರಿಗೆ ಮೀಟರು ಹಿಡಿದು, "ಅಜ್ಜೀ, ಇದರೊಳಗಿನ ಹೀಟರ್ ಹೋಗಿದೆ ಅಷ್ಟೆ" ಅಂದಳು. ಸಂಜೆಯೊಳಗೆ ಹೊಸದು ಹಾಕಿಯೂ ಬಿಟ್ಟಳು. ಮುಖವೆಲ್ಲ ಮಸಿ. ಆ ಮಸಿಗೇ ಮುತ್ತು ಕೊಟ್ಟೆ. ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳನ್ನೂ ಕರೆದು ತೋರಿಸಿದೆ. ಅಷ್ಟು ಸಂತೋಷದಲ್ಲೂ ಹೀಟರ್ ಎಂಬ ಮಾತಿಗೆ ಹಳೆಯ ಭಯ ಎದ್ದು ಬಂತು, ಅದರ ಹಿಂದೆಯೇ ಉಸ್ತಾದರು.

ಎಂಬತ್ತರ ಸುಮಾರಿನ ಮಾತು. ನಮ್ಮ ಯಜಮಾನರು ಕೋಳಿಮರಿ ಫಾರಮ್ಮಿನ ಡೀಸೆಲ್ ವ್ಯಾನ್ ಓಡಿಸುತ್ತಿದ್ದರು. ಮರಿಗಳನ್ನು ನೋಡಿಕೊಳ್ಳಲು ನಾನೂ ಜೊತೆಗೆ. ಚಳಿಯಲ್ಲಿ ಇಂಜಿನ್ನಿನ ಒಳಗೆ ಬಿಸಿ ಕೊಡಲು ಅದರಲ್ಲಿ ನಾಲ್ಕು ಹೀಟರ್ ಪ್ಲಗ್ ಇದ್ದವು. ಆ ಡಿಸೆಂಬರಿನಲ್ಲಿ ಅವು ಬಿಸಿಯಾಗುವುದನ್ನೇ ಬಿಟ್ಟವು. ಬ್ಯಾಟರಿ ಬದಲಾಯಿಸಿದರೂ ಗುಣ ಕಾಣಲಿಲ್ಲ. ಗ್ಯಾರೇಜಿಗೆ ಬಿಟ್ಟರೆ, ವ್ಯಾನ್ ಕೆಡಿಸಿದೆ ಎಂದು ಮಾಲೀಕರು ಕೆಲಸದಿಂದ ತೆಗೆದಾರು ಎಂದು ಯಜಮಾನರಿಗೆ ಹೆದರಿಕೆ. ಅದಕ್ಕೆ ಡ್ರೈವರುಗಳದೊಂದು ಅಡ್ಡದಾರಿ ಇತ್ತು. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ, ಇಂಜಿನ್ ಗಾಳಿ ಎಳೆಯುವ ಬಾಯಿಗೆ ಹಿಡಿಯುವುದು. ಕೀ ತಿರುಗಿಸುವವರು ಅವರು, ಬೆಂಕಿ ಹಿಡಿಯುವವಳು ನಾನು. ಜ್ವಾಲೆ ಬುಸ್ ಎಂದು ಒಳಗೆ ಹೋಗುವಾಗ ನನ್ನ ಜೀವವೂ ಹೋಗುತ್ತಿತ್ತು. ಬೆಳಗಾಗುವುದೇ ಬೇಡ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ, ಇನ್ನೂ ಬಿಸಿಯೇರದ ಇಂಜಿನ್ ಉಸ್ತಾದರ ಗ್ಯಾರೇಜಿನ ಎದುರಿಗೇ ನಿಂತುಹೋಯಿತು. ಮತ್ತೆ ಬಟ್ಟೆ ಹಚ್ಚಿ ಹಿಡಿದೆ. ಜ್ವಾಲೆ ಒಳಗೆ ಹೋಗದೆ ಹೊರಕ್ಕೆ ಬಂತು. ಸೆರಗು ಹತ್ತಿಕೊಂಡಿತು. ಹಲ್ಲುಜ್ಜುತ್ತಿದ್ದ ಉಸ್ತಾದರು ಓಡಿಬಂದು ನನ್ನ ಮೇಲೆ ಗೋಣಿಚೀಲ ಹೊದಿಸಿ ತಟ್ಟಿ ತಟ್ಟಿ ಆರಿಸಿದರು. ಆಮೇಲೆ ಯಜಮಾನರ ಕಡೆ ತಿರುಗಿದರು.

"ಬೆಂಕಿ ಹಿಡಿಯಕ್ಕೆ ಹೆಂಡ್ತೀನ ಕಟ್ಕೊಂಡ್ಯೇನೋ? ನನ್ ಹುಬ್ಬು ಹೋಗಿದ್ದೂ ಹಿಂಗೇ ಕಣೋ."

"ಕೆಲ್ಸ ಹೋಗುತ್ತೆ ಸಾಬ್ರೇ, ಏನ್ಮಾಡ್ಲಿ?"

"ಹೀಟರ್ ಸ್ವಿಚ್ ಒತ್ಕೊಂಡು ಕೂತ್ಕೊ. ನೀನು ಬಾಮ್ಮ ಇಲ್ಲಿ."

ವೈರು ಕಟ್ಟಿದ ಚಿಕ್ಕ ಬಲ್ಬನ್ನು ನನಗೆ ನೀಡಿದರು. ನಾನು ಕೈ ಹಿಂದಕ್ಕೆಳೆದುಕೊಂಡೆ.

"ಶಾಕ್ ಹೊಡಿಯುತ್ತೆ."

"ಹನ್ನೆರಡು ವೋಲ್ಟು ಮಾ. ಅತ್ತೆ ಬೈದಷ್ಟೂ ನೋಯಲ್ಲ."

"ನಂಗೆ ಭಯ. ಇವ್ರೇ ಮಾಡ್ಲಿ."

"ಅವನಿಗೆ ಭಯ ಇಲ್ಲ, ಅದಕ್ಕೇ ಏನೂ ಕಾಣ್ಸಲ್ಲ. ಹೆದರೋರೇ ಸರಿಯಾಗಿ ನೋಡೋದು."

ನಾಲ್ಕು ಪ್ಲಗ್ಗೂ ಹೂವಿನ ಸರದಂತೆ ಒಂದೇ ತಂತಿಯಲ್ಲಿ ಕೂಡಿಕೊಂಡಿದ್ದವು. ಒಂದು ಕಡಿದರೆ ಎಲ್ಲವೂ ತಣ್ಣಗೆ. ಬಲ್ಬಿನ ಒಂದು ತುದಿಯನ್ನು ಅವರು ಗಾಡಿಯ ಕಬ್ಬಿಣಕ್ಕೆ ಸಿಕ್ಕಿಸಿದರು. ಇನ್ನೊಂದು ತುದಿಯನ್ನು ಹಿಡಿದು ನಾನು ಸಾಲಾಗಿ ಮುಟ್ಟಿಸುತ್ತ ಹೋದೆ. ಮೊದಲನೆಯದರ ಆಚೆ ಬಲ್ಬು ಹತ್ತಿತು. ಎರಡನೆಯದರ ಆಚೆಯೂ ಹತ್ತಿತು. ಮೂರನೆಯದು ದಾಟಿದರೆ ಕತ್ತಲು.

"ಇದೇನಾ?"

"ನೀನೇ ಹೇಳು."

"ಇದೇ."

ಹಳೇ ಡಬ್ಬದಿಂದ ಒಂದು ಪ್ಲಗ್ ಹುಡುಕಿ ತಂದರು. ಸ್ಪ್ಯಾನರನ್ನೂ ನನ್ನ ಕೈಗೇ ಕೊಟ್ಟರು. ಯಜಮಾನರು ಕೀ ತಿರುಗಿಸುವ ಹೊತ್ತಿಗೆ ನಾನು ಹತ್ತು ಹೆಜ್ಜೆ ದೂರ ಓಡಿ ಕಿವಿ ಮುಚ್ಚಿಕೊಂಡಿದ್ದೆ. ಇಂಜಿನ್ ಸ್ಟಾರ್ಟ್ ಆದದ್ದು ಕಾಲಡಿಯ ನೆಲ ಅದುರಿದಾಗ ಗೊತ್ತಾಯಿತು. ಆಮೇಲೆ ನಮ್ಮ ವ್ಯಾನಿಗೆ ಯಾರೂ ಬಟ್ಟೆ ಹಚ್ಚಲಿಲ್ಲ. ಚಳಿಗಾಲ ಬಂತೆಂದರೆ ಪ್ಲಗ್ಗುಗಳನ್ನು ನಾನೇ ನೋಡುತ್ತಿದ್ದೆ.

ಐದಾರು ವರ್ಷ ಕಳೆದು ಉಸ್ತಾದರು ತೀರಿಕೊಂಡರು. ಸುದ್ದಿ ಕೇಳಿ ಅವರ ಮನೆಗೆ ಹೋದೆ. ಒಳಗೆ ಹೆಂಗಸರೆಲ್ಲ ಅವರ ಬಳಗದವರೇ. ನನ್ನ ಗುರುತು ಯಾರಿಗೂ ಇಲ್ಲ. ಬಾಗಿಲಲ್ಲೇ ನಿಂತೆ.

"ಯಾರು ಮಾ ನೀವು?" ಅವರ ಹೆಂಡತಿ ಕೇಳಿದರು.

"ಅವರ ಹತ್ರ ಕೆಲ್ಸ ಕಲಿತೋಳು" ಅಂದೆ.

ಆಕೆ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು.