ಗಾಜಿನ ಹೊಲದ ಕಳಕಮ್ಮ

ಮೂಡಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಯಲಬುರ್ಗಾ ಕಡೆಯ ಎರೆಹೊಲಗಳ ನಡುವೆ ತಂತಿಬೇಲಿ ಹಾಕಿದ ಸೋಲಾರ್ ಪ್ಲಾಂಟಿನೊಳಗೆ ಕಳಕಮ್ಮ ಹೆಗಲ ಮೇಲೆ ನೀರಿನ ಪೈಪು ಹೊತ್ತು ನಡೆಯುತ್ತಿದ್ದಾರೆ. ಉದ್ದ ಕೋಲಿನ ಬ್ರಶ್ಶಿನಿಂದ ಪ್ಯಾನೆಲ್ಲಿನ ಅಂಚು ಉಜ್ಜಿ, ನೀರು ಬಿಟ್ಟು, ಮುಂದಿನದಕ್ಕೆ ಸರಿಯುತ್ತಾರೆ. ಮಾತಾಡಿಸಲು ಸುತ್ತ ಒಂದು ನರಪಿಳ್ಳೆಯೂ ಇಲ್ಲ.

“ಬಿಸಲು ಏರೂದ್ರೊಳಗ ಮುಗಿಸಬೇಕ್ರಿ. ಕಾದ ಗಾಜಿನ ಮ್ಯಾಲ ತಣ್ಣೀರು ಬಿದ್ರ ಸೀಳತೈತಿ. ಧೂಳು ಹಂಗ ಬಿಟ್ರ ಬಿಸಲು ಒಳಗ ಇಳಿಯಂಗಿಲ್ಲ, ಕರೆಂಟ್ ಕಮ್ಮಿ ಆಗತೈತಿ,” ಎನ್ನುತ್ತಾರೆ, ಕೈ ನಿಲ್ಲಿಸದೆ.

ಬೇಲಿಯಾಚೆಯ ದಿನ್ನೆಯ ಮೇಲೆ ಗಾಳಿಯಿಂದ ಕರೆಂಟ್ ತೆಗೆಯುವ ಫ್ಯಾನುಗಳು ನಿಧಾನ ತಿರುಗುತ್ತಿವೆ. ಪ್ಲಾಂಟಿನ ಮೂಲೆಯಲ್ಲಿ ಬ್ಯಾಟರಿ ತುಂಬಿದ ಬಿಳಿ ಕಂಟೇನರುಗಳು ಹೊಸದಾಗಿ ಬಂದು ಕೂತಿವೆ. ಮಧ್ಯಾಹ್ನ ಮಿಕ್ಕ ವಿದ್ಯುತ್ತನ್ನು ಹಿಡಿದಿಟ್ಟುಕೊಂಡು, ಹೊತ್ತು ಮುಳುಗಿ ಊರೂರಲ್ಲಿ ದೀಪ ಹತ್ತುವಾಗ ಅವು ಲೈನಿಗೆ ಬಿಡುತ್ತವೆ. ಕಾವೇರದಂತೆ ಒಳಗೆ ಸದಾ ಯಂತ್ರ ಗುಂಯ್‌ಗುಡುತ್ತಿರುತ್ತದೆ. ಬುತ್ತಿ ಬಿಚ್ಚಲು ಕಳಕಮ್ಮ ಅದರ ಪಕ್ಕಕ್ಕೇ ಹೋಗಿ ಕೂರುತ್ತಾರೆ. “ಏನರ ಒಂದು ಸಪ್ಪಳ ಇರತೈತಲ್ರಿ.”

ಮೊದಲು ಹೀಗಿರಲಿಲ್ಲ. ಪ್ಲಾಂಟು ಶುರುವಾದಾಗ ಹೆಂಗಸರ ದೊಡ್ಡ ಗುಂಪೇ ಇತ್ತು. ಕಳಕಮ್ಮನವರ ಜೋಡಿ ಕುಕನೂರಿನ ಅಬೇದಾಬಿ. ಒಬ್ಬರು ಪೈಪು ಹಿಡಿದರೆ ಇನ್ನೊಬ್ಬರು ಬ್ರಶ್ಶು. ಅಬೇದಾಬಿಗೆ ಕಿವಿ ಕೇಳಿಸುವುದಿಲ್ಲ. ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾರೆ. ತಮ್ಮ ಗಂಡ ತೀರಿಕೊಂಡ ವರ್ಷ, ಮನೆಯಲ್ಲಿ ಯಾರ ಮುಂದೆಯೂ ಆಡದ ಮಾತುಗಳನ್ನೆಲ್ಲ ಕಳಕಮ್ಮ ಈ ಸಾಲುಗಳ ನಡುವೆ ನಿಂತು, ದನಿ ಹೊರಡಿಸದೆ, ಬರೀ ತುಟಿ ಆಡಿಸಿ ಅವರಿಗೆ ಹೇಳಿಕೊಂಡಿದ್ದಾರೆ.

ಎರಡು ವರ್ಷದ ಹಿಂದೆ ಧೂಳು ಗುಡಿಸುವ ಯಂತ್ರ ಬಂತು. ಅದರ ಕೈಗೆ ಸಿಗದ ಅಂಚುಗಳಿಗೆ ಒಬ್ಬರು ಸಾಕು ಎಂದಾಯಿತು. ಉಳಿದವರನ್ನೆಲ್ಲ ಬಿಡಿಸಿ, ಸೂಪರ್‌ವೈಸರ್ ಉಮಾಪತಿ ಕಳಕಮ್ಮನವರನ್ನು ಉಳಿಸಿಕೊಂಡರು. ಆ ದಿನ ಕಳಕಮ್ಮ ಪೈಪು ಮುಟ್ಟಲಿಲ್ಲ. ನೇರ ಆಫೀಸಿನ ಬಾಗಿಲಿಗೆ ಹೋದರು.

“ಒಂದು ವಾರ ನಾ ಬರ್ತೀನ್ರಿ ಸರ, ಒಂದು ವಾರ ಅಬೇದಾಬಿ ಬರ್ಲಿ.”

“ನಿನ್ನ ಪಗಾರ ಅರ್ಧ ಆಗತೈತಿ ನೋಡಬೇ,” ಎಂದರು ಉಮಾಪತಿ. “ಮತ್ತ ಕೆಲಸದ ನಡುವ ಕರಿಯಾಕ ಫೋನ್ ಮಾಡಿದ್ರ ಅಕಿಗೆ ಕೇಳಂಗಿಲ್ಲ.”

“ಗೇಟಿನ್ಯಾಗ ವಾಚಮನ್ ಅದಾನಲ್ರಿ, ಹೋಗಿ ಕೈ ಮಾಡಿ ಕರೀತಾನ. ಅಕಿ ಮನೀನೂ ನಡೀಬೇಕಲ್ರಿ.”

ಉಮಾಪತಿ ಮರುದಿನ ಒಪ್ಪಿದರು.

ಇಬ್ಬರಿಗೂ ಕೆಲಸ ಉಳಿಯಿತು, ಜೊತೆ ತಪ್ಪಿತು. ಒಬ್ಬರು ಬರುವ ವಾರ ಇನ್ನೊಬ್ಬರಿಲ್ಲ. ಬಿಡುವಿನ ವಾರ ಕಳಕಮ್ಮ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾರೆ. ಕುಕನೂರಿಗೆ ಹೋಗಿಬರಬೇಕೆಂದರೆ ಆ ದಿನದ ಕೂಲಿ ಹೋಗುತ್ತದೆ. ಫೋನಿನಲ್ಲಿ ಮಾತಾಡುವಂತಿಲ್ಲ. “ಅಕಿ ಮಗ ಒಂದ್ಸಲ ವಿಡಿಯೋ ಹಚ್ಚಿಕೊಟ್ಟಿದ್ದ. ಮಾರಿ ಅಲ್ಲಾಡ್ತಿತ್ತು. ನನ್ನ ತುಟಿ ಅಕಿಗೆ ತಿಳೀಲಿಲ್ಲ,” ಎಂದು ಹೇಳಿ, ಬ್ರಶ್ಶನ್ನು ಬಕೆಟ್ಟಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅದ್ದುತ್ತಾರೆ.

ಮುಂಗಾರಿಗೆ ಮುನ್ನ ಗಾಳಿ ಎದ್ದಾಗ ಮಾತ್ರ ಮಣ್ಣು ಗಾಜಿಗೆ ಮೆತ್ತಿಕೊಂಡು ಯಂತ್ರವೂ ಸೋಲುತ್ತದೆ. ಹೋದ ಸಲ ಹಾಗಾದಾಗ ಉಮಾಪತಿ ಇಬ್ಬರನ್ನೂ ಒಟ್ಟಿಗೆ ಕರೆಸಿದ್ದರು. ಆ ಮುಂಜಾನೆ ಗೆಳತಿಯರು ಹೊಟ್ಟೆಯ ಹಸಿವನ್ನೂ ಮರೆತು ಮಾತಾಡಿದರಂತೆ.

ಈ ವರ್ಷ ಗಾಳಿ ಇನ್ನೂ ಎದ್ದಿಲ್ಲ. ಕಳಕಮ್ಮ ದಿನ್ನೆಯ ಮೇಲಿನ ಫ್ಯಾನುಗಳ ಕಡೆ ನೋಡುತ್ತಾರೆ.

“ಸಾಹೇಬ್ರ ಮುಂದ ಹೇಳಬ್ಯಾಡ್ರಿ ಮತ್ತ,” ಎನ್ನುತ್ತಾ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾರೆ. “ಈ ಸಲ ಧೂಳು ಭಾಳ ಬರ್ಲಿ ಅಂತ ದಿನಾ ಕೈ ಮುಗೀತೀನಿ.”