ಥರ್ಲ್‌ಬಿಯವರು ತಮಗೆ ಹಾಕಿಕೊಳ್ಳದ ಮತ

ಆಂಬ್ರೋಸ್ ಥರ್ಲ್‌ಬಿ ಸಂತೆಗೆ ಬಂದ ಸರಕಾಗಿದ್ದರೆ ನಾನು ಎರಡನೇ ಸಲ ಮುಟ್ಟಿ ನೋಡುತ್ತಿರಲಿಲ್ಲ. ಉದ್ದ ಕಾಲು, ಸೊರಗಿದ ಎದೆ, ಮೊಣಕೈ ಸವೆದ ಕೋಟು. ಜೌಗು ಸೀಮೆಯ ಜಮೀನ್ದಾರರು, ಎರಡು ಸಲ ನಮ್ಮೂರಿಂದ ಪಾರ್ಲಿಮೆಂಟಿಗೆ ಹೋದವರು. ಅಲ್ಲಿ ಅವರು ಬಾಯಿ ಬಿಟ್ಟದ್ದು ಒಂದೇ ಸಲ, ಅದೂ 'ಕಿಟಕಿ ಮುಚ್ಚಿ' ಎನ್ನಲು ಎಂದು ನಾವು ನಗುತ್ತಿದ್ದೆವು.

ಮೂರನೇ ಚುನಾವಣೆಯಲ್ಲಿ ನಗುವ ಹಾಗಿರಲಿಲ್ಲ. ಊರ ಗೋಮಾಳಕ್ಕೆ ಬೇಲಿ ಹಾಕಿ ಜಮೀನ್ದಾರರಿಗೆ ಹಂಚುವ ಮಸೂದೆ ಬರುವುದಿತ್ತು. ಎದುರಾಳಿ ಪಾಕ್ಲಿಂಗ್ಟನ್ ಅದರ ಪರ. ಥರ್ಲ್‌ಬಿಯವರಿಗೂ ಒಳ್ಳೆಯ ಪಾಲು ಸಿಗುತ್ತಿತ್ತು. ಆದರೂ ತಡೆಯುತ್ತೇನೆಂದು ಮಾತು ಕೊಟ್ಟಿದ್ದರು. ಅಲ್ಲಿ ಹಸು ಮೇಯಿಸುವವರು, ನನ್ನಂತೆ ಹೆಬ್ಬಾತು ಸಾಕಿ ಮಾರಲು ಲಂಡನ್ನಿಗೆ ಹೊಡೆದುಕೊಂಡು ಹೋಗುವವರು ಅವರನ್ನೇ ನಂಬಿದ್ದೆವು.

ಆಗ ಮತವೆಂದರೆ ಸಂತೆಬೀದಿಯ ಅಟ್ಟಣೆ ಹತ್ತಿ ಎಲ್ಲರೆದುರು ಹೆಸರು ಹೇಳುವುದು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ದೊಡ್ಡ ಮನೆತನದವರಿಗೆ ನಾಚಿಕೆ. ಮರ್ಯಾದೆಗೆ ಎದುರಾಳಿಯ ಹೆಸರು ಹೇಳುತ್ತಿದ್ದರು. ಸಂಜೆಯ ಹೊತ್ತಿಗೆ ಇಬ್ಬರೂ ಸಮಸಮ. ಉಳಿದದ್ದು ಅವರಿಬ್ಬರ ಮತವೇ.

ಒಂದೇ ಹಸುವಿನ ವಿಧವೆ ಹೆಸ್ಟರ್ ಡಾಬ್ಸ್ ಥರ್ಲ್‌ಬಿಯವರ ತೋಳು ಹಿಡಿದಳು. "ಧಣಿ, ಇವತ್ತೊಂದಿನ ಮರ್ಯಾದೆ ಪಕ್ಕಕ್ಕಿಡಿ. ನನ್ ಹಸು ಹುಲ್ಲು ತಿನ್ನುತ್ತೆ, ಮರ್ಯಾದೆ ತಿನ್ನಲ್ಲ."

"ಅವ್ರೂ ನನ್ ಹೆಸರೇ ಹೇಳ್ತಾರಲ್ಲಮ್ಮ. ಸಮ ಆದ್ರೆ ಮೇಯರ್ ತೀರ್ಮಾನ, ಅವ್ರು ನಮ್ ಕಡೆಯೋರೇ," ಎಂದು ಅಟ್ಟಣೆ ಹತ್ತಿ ಪಾಕ್ಲಿಂಗ್ಟನ್ ಹೆಸರು ಹೇಳಿ ಇಳಿದರು.

ಪಾಕ್ಲಿಂಗ್ಟನ್ ಹತ್ತಿದ. ಮೂಗು ಒರೆಸಿಕೊಂಡ, ಗಡಿಯಾರ ನೋಡಿದ, ಯಾರ ಹೆಸರನ್ನೂ ಹೇಳದೆ ಇಳಿದ. ನಾವು ಒಂದು ಮತದಿಂದ ಸೋತೆವು.

ಬೇಲಿ ಬಂತು. ಪಾಲು ಹಂಚಿಕೆ ಮುಗಿಯುವವರೆಗೆ ಯಾರ ದನವನ್ನೂ ಒಳಗೆ ಬಿಡಲಿಲ್ಲ. ಅಷ್ಟರಲ್ಲಿ ಹೆಸ್ಟರ್ ಹಸು ಮಾರಿ ಲೀಡ್ಸಿನ ಬಟ್ಟೆ ಗಿರಣಿಯ ಕೆಲಸಕ್ಕೆ ಹೊರಟಳು. ಥರ್ಲ್‌ಬಿಯವರು ಬೇಲಿಯ ಗೇಟಿನ ಬಳಿ ಟೊಪ್ಪಿ ತೆಗೆದು ನಿಂತಿದ್ದರು.

"ಕೋಪ ಏನಿಲ್ಲ ಧಣಿ," ಎಂದಳು. "ನೀವು ಒಳ್ಳೇವ್ರು. ಅದೇ ನಮ್ಮ ಗ್ರಹಚಾರ."

ಮತ್ತೆ ಅವರು ಚುನಾವಣೆಗೆ ನಿಲ್ಲಲಿಲ್ಲ, ಸಂತೆಬೀದಿಗೂ ಬರಲಿಲ್ಲ. ತಮ್ಮ ಪಾಲಿಗೆ ಬಂದ ಗೋಮಾಳದ ಬೇಲಿಯನ್ನು ಕೀಳಿಸಿ ಊರಿಗೆ ಬಿಟ್ಟರು. ಮೇಯಲು ಹಸುಗಳು ಹೆಚ್ಚು ಉಳಿದಿರಲಿಲ್ಲ. ನನ್ನ ಹೆಬ್ಬಾತುಗಳು ಅವರು ಸಾಯುವವರೆಗೂ ಅಲ್ಲೇ ಮೇದವು. ನಾನು ಇವತ್ತು ವ್ಯಾಪಾರಿಯಾಗಿ ಉಳಿದಿರುವುದು ಆ ಹುಲ್ಲಿನಿಂದ.