ಇದ್ರಿಸ್ ಕೋಚ್ ಮನೆಗೆ ಬಂದ ಶುಕ್ರವಾರ

ಇದ್ರಿಸ್ ಪ್ರೋಸರ್ ಎಂಬ ಹೆಸರನ್ನು ಫಾರೂಕ್ ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಒಂದೇ ಒಂದು ಫೋಟೋ. ಅದರಲ್ಲೂ ಆಸಾಮಿ ಮೊಣಕಾಲುದ್ದ ಕೆಸರಿನಲ್ಲಿದ್ದ. ಮೂಗಿಗೆ ಹತ್ತಿ ತುರುಕಿಕೊಂಡು, ಎದುರಾಳಿಯ ಅಂಗಿ ಜಗ್ಗಿ ಹಿಡಿದು, ಮೇಲಿನಿಂದ ಬರುತ್ತಿದ್ದ ಚೆಂಡನ್ನು ಬಾಯಿ ತೆರೆದು ನೋಡುತ್ತಿದ್ದ. ಕೆಳಗೆ ಜೀವಮಾನದ ಸಾಧನೆ ಒಂದೇ ಸಾಲಿನಲ್ಲಿ ಮುಗಿದಿತ್ತು: ಹದಿನಾಲ್ಕು ವರ್ಷ, ಆರು ಕ್ಲಬ್, ಮುನ್ನೂರ ನಲವತ್ತೊಂದು ಪಂದ್ಯ, ಒಂಬತ್ತು ಗೋಲು.

"ಇವನಾ ನಮ್ಮ ಮಕ್ಕಳಿಗೆ ಕಲಿಸುವುದು? ವರ್ಷಕ್ಕೆ ಒಂದು ಗೋಲೂ ಇಲ್ಲ ಮಾರಾಯ್ತಿ," ಎಂದು ಹೆಂಡತಿ ಸುಹರಾಳಿಗೆ ತೋರಿಸಿ ನಕ್ಕಿದ್ದ.

ಅಂದು ಹಾಗೆ ನಕ್ಕ ಫಾರೂಕ್ ಈಗ ಆ ಹೆಸರು ಹೇಳುವಾಗ ಕೂತಲ್ಲೇ ಸ್ವಲ್ಪ ನೆಟ್ಟಗಾಗುತ್ತಾನೆ. ಅವನಿಗೇ ಅದು ಗೊತ್ತಿಲ್ಲ.

ಫಾರೂಕ್ ಉಳ್ಳಾಲದವನು. ಗಲ್ಫಿಗೆ ಬಂದು ಅಲ್ ಅಮೇರಾತಿನ ಒಂದು ಟೈಲ್ಸ್ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಸೇಲ್ಸ್‌ಮನ್, ಮನೆ ಅಲ್ ಹೈಲಿನಲ್ಲಿ. ಮಗ ತೌಸೀಫನಿಗೆ ಹದಿನಾಲ್ಕು. ಮನೆ ಹತ್ತಿರದ ಫುಟ್‌ಬಾಲ್ ಅಕಾಡೆಮಿಗೆ ವೇಲ್ಸ್‌ನಿಂದ ಹೊಸ ಕೋಚ್ ಬರುತ್ತಾರೆ ಎಂದು ಅಕ್ಟೋಬರಿನಲ್ಲಿ ಸುದ್ದಿಯಾದಾಗ ತಂದೆತಾಯಿಯರೆಲ್ಲ ಟಿ.ವಿ.ಯಲ್ಲಿ ಕಂಡ ಯಾರೋ ದೊಡ್ಡ ಕುಳವೇ ಬರುತ್ತದೆ ಎಂದು ನಂಬಿದ್ದರು. ಬಂದಿಳಿದದ್ದು ಐವತ್ತರ ಹತ್ತಿರದ, ಒಂದು ಮೊಣಕಾಲು ಸರಿಯಾಗಿ ಮಡಚದ, ಎರಡೇ ದಿನದ ಬಿಸಿಲಿಗೆ ಸಿಗಡಿಯಂತೆ ಕೆಂಪಾದ ಮನುಷ್ಯ.

ಆದರೆ ಆ ಮನುಷ್ಯ ಮೊದಲ ಸಂಜೆಯೇ ಒಂದು ಗಂಟೆಯೊಳಗೆ ಇಪ್ಪತ್ತೊಂಬತ್ತು ಮಕ್ಕಳ ಹೆಸರನ್ನೂ ಕಲಿತುಬಿಟ್ಟರು. ಬಾಸಿಲ್, ಚಂದನ್, ತೌಸೀಫ್, ಎಲ್ಲವನ್ನೂ ತಪ್ಪಿಲ್ಲದೆ. ಫಾರೂಕನಿಗೆ ತನ್ನ ಅಂಗಡಿಯ ಗೋಡೌನಿನ ಹುಡುಗರಲ್ಲೇ ಇಬ್ಬರ ಹೆಸರು ಇನ್ನೂ ಗೊಂದಲ. ರಂಜಾನಿನಲ್ಲಿ ಇಫ್ತಾರಿಗೆ ಮೊದಲಿನ ಅಭ್ಯಾಸದ ಹೊತ್ತು ಕೋಚ್ ಒಂದು ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ಮಕ್ಕಳು ಉಪವಾಸ ಇರುವಾಗ ಅವರೆದುರು ಬಾಟಲಿ ಎತ್ತುವುದು ಹೇಗೆ ಎನ್ನುತ್ತಿದ್ದರು. ಇದನ್ನು ಕೇಳಿದ ಮೇಲೆ ಸುಹರಾಳ ತಂದೆ ಇಸುಬು, "ಹೆಸರೇ ಇದ್ರಿಸ್, ನಮ್ಮವರೇ ಇರ್ಬೇಕು," ಎಂದು ತೀರ್ಮಾನಿಸಿದರು. ಅದು ತಮ್ಮ ಊರಿನ ಒಂದು ಬೆಟ್ಟದ ಹೆಸರೆಂದು ಕೋಚೇ ವಿವರಿಸಿದರೂ ಮುದುಕರು ಸಲಾಂ ಹೇಳುವುದನ್ನು ಬಿಡಲಿಲ್ಲ, ಕೋಚ್ ಮರುಸಲಾಂ ಹೇಳುವುದನ್ನೂ ಬಿಡಲಿಲ್ಲ.

ಮೈದಾನದ ಬದಿಯ ಸಿಮೆಂಟ್ ಕಟ್ಟೆಯಲ್ಲಿ ಕೂತು ಫಾರೂಕ್ ಅವರ ಬದುಕನ್ನು ಚೂರುಚೂರಾಗಿ ಕೇಳಿ ತಿಳಿದ. ಅಪ್ಪ ಕಲ್ಲಿದ್ದಲು ಗಣಿಯ ಕೂಲಿ. ಗಣಿ ಮುಚ್ಚಿದಾಗ ಇದ್ರಿಸರಿಗೆ ಒಂಬತ್ತು ವರ್ಷ. ಹದಿನಾರಕ್ಕೆ ಒಂದು ಸಣ್ಣ ಕ್ಲಬ್ ಸೇರಿದರು. ಮುಂದೆ ಆಡಿದ್ದೆಲ್ಲ ಮೂರನೇ, ನಾಲ್ಕನೇ ದರ್ಜೆಯ ಲೀಗುಗಳಲ್ಲಿ. ಚಳಿಗಾಲವಿಡೀ ಆಟ, ಸಂಬಳ ಸಾಲದ್ದಕ್ಕೆ ಬೇಸಿಗೆಯಲ್ಲಿ ಮನೆಗಳಿಗೆ ಹೆಂಚು ಹೊದಿಸುವ ಕೆಲಸ. ಆಡುತ್ತಿದ್ದುದು ಹಿಂಬದಿಯಲ್ಲಿ, ಡಿಫೆಂಡರ್ ಆಗಿ. "ನಾನು ಕೆಲಸ ಸರಿಯಾಗಿ ಮಾಡಿದ ದಿನ ಏನೂ ಆಗುತ್ತಿರಲಿಲ್ಲ. ಆಗದೆ ಹೋದದ್ದನ್ನು ಯಾರು ಫೋಟೋ ತೆಗೆಯುತ್ತಾರೆ?" ಎಂದು ಅವರು ನಕ್ಕಾಗ ಫಾರೂಕನಿಗೆ ಆ ಒಂಬತ್ತು ಗೋಲಿನ ತಮಾಷೆ ನೆನಪಾಗಿ ನಾಚಿಕೆಯಾಯಿತು.

ತೌಸೀಫ್ ಆಡುವುದೂ ಹಿಂಬದಿಯಲ್ಲೇ. ಅವನ ಜೀವದ ಗೆಳೆಯ ಚಂದನ್ ಗೋಲ್‌ಕೀಪರ್. ಚಂದನನ ಮುಂದೆ ಗೋಡೆಯ ಹಾಗೆ ನಿಲ್ಲುವುದು ತೌಸೀಫನ ಕೆಲಸ, ಹಿಂದಿನಿಂದ ಅವನಿಗೆ ಬೈಯುವುದು ಚಂದನನ ಕೆಲಸ.

ಆಗಸ್ಟಿನಲ್ಲಿ ಸಲಾಲಾದಲ್ಲಿ ಟೂರ್ನಮೆಂಟ್. ಇಪ್ಪತ್ತೊಂಬತ್ತರಲ್ಲಿ ಹದಿನೆಂಟು ಮಕ್ಕಳನ್ನು ಆರಿಸಬೇಕು. ಆಯ್ಕೆಯಾದವರು ಮುಂದಿನ ವರ್ಷ ಅಕಾಡೆಮಿಯ ತಂಡದಲ್ಲಿ, ಉಳಿದ ಹನ್ನೊಂದು ಮಂದಿ ಹೊರಗೆ. ತೌಸೀಫ್ ಒಂದು ತಿಂಗಳಿಂದ ಬೂಟುಗಳನ್ನು ಮಂಚದ ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದ. ಪ್ರತಿ ವರ್ಷ ಪಟ್ಟಿ ವಾಟ್ಸಾಪಿನಲ್ಲಿ ಬೀಳುತ್ತಿತ್ತು. ಈ ಸಲ ಪಟ್ಟಿಯ ಬದಲು ಮೇ ಕೊನೆಯ ಬುಧವಾರ ಫಾರೂಕನಿಗೆ ಕೋಚ್ ಕಡೆಯಿಂದಲೇ ಮೆಸೇಜ್ ಬಂತು: ಶುಕ್ರವಾರ ಮಧ್ಯಾಹ್ನ ನಿಮ್ಮ ಮನೆಗೆ ಬರಬಹುದೇ, ತೌಸೀಫನ ವಿಷಯ ಮಾತಾಡಬೇಕು.

ಮನೆಯಲ್ಲಿ ಹಬ್ಬ ಶುರುವಾಯಿತು. ಆಗದೆ ಏನು? ನಮ್ಮ ಜನ ಕೆಟ್ಟ ಸುದ್ದಿ ಹೇಳಲು ಯಾರ ಮೆಟ್ಟಿಲನ್ನೂ ಹತ್ತುವುದಿಲ್ಲ. ಸಂಬಂಧ ಒಪ್ಪಿಗೆಯಾಗದಿದ್ದರೆ ಮೂರನೆಯವರ ಬಾಯಿಂದ ಹೇಳಿಸುತ್ತಾರೆ. ಕೆಲಸ ಹೋದರೆ ಆಫೀಸಿನಿಂದ ಯಾರೋ ಫೋನು ಮಾಡಿ "ಖಲಾಸ್" ಅನ್ನುತ್ತಾರೆ. ಕಲಿಸುವವರು ತಾವಾಗಿ ಮನೆಗೆ ಬರುತ್ತೇನೆ ಎಂದರೆ ಅದಕ್ಕೆ ಒಂದೇ ಅರ್ಥ. ಸುಹರಾ ಗುರುವಾರವೇ ಮಾಂಸ ನೆನೆಹಾಕಿದಳು. ಅಕ್ಕಿಯ ಪತ್ತಿರ್ ರೊಟ್ಟಿ ತಟ್ಟಿದಳು, ಕೋಳಿ ಸುಕ್ಕ ಮಾಡಿದಳು, ಬಿರಿಯಾನಿಯ ದಮ್ಮಿಗೆ ಇಸುಬು ಸ್ವತಃ ನಿಂತರು. ತೌಸೀಫನ ತಂಗಿ ಹಿಬಾ ಹಟ ಹಿಡಿದು ಹಸಿರು ಮೈದಾನದ ಹಾಗೆ ಕಾಣುವ ಕೇಕ್ ಮಾಡಿಸಿದಳು. ಅದರ ಮೇಲೆ ಬಿಳಿ ಅಕ್ಷರದಲ್ಲಿ ಅಣ್ಣನ ಹೆಸರು, ಅದರ ಕೆಳಗೆ ಸಲಾಲಾ.

ಜುಮಾ ನಮಾಜು ಮುಗಿಸಿ ಮನೆಗೆ ಬಂದ ಸ್ವಲ್ಪ ಹೊತ್ತಿಗೇ ಬೆಲ್ ಆಯಿತು. ಕೋಚ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಶೂ ಬಿಚ್ಚಿ ಒಳಗೆ ಬಂದವರ ಕಣ್ಣು ನೇರ ಮೇಜಿನ ಮೇಲಿನ ಕೇಕಿಗೆ ಬಿತ್ತು. ಆ ಕೆಂಪು ಮುಖದಲ್ಲಿ ಬಣ್ಣ ಇಳಿದದ್ದನ್ನು ಫಾರೂಕ್ ಕಂಡ, ಬಿಸಿಲಿನಿಂದ ಬಂದದ್ದಕ್ಕೆ ಎಂದುಕೊಂಡ.

"ಮೊದ್ಲು ಊಟ ಮಾಡ್ಲಿಕ್ಕೆ ಹೇಳಿ ಅವರಿಗೆ," ಎಂದಳು ಸುಹರಾ. ಫಾರೂಕ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ.

"ಇಲ್ಲ. ಮೊದಲು ಮಾತು," ಎಂದರು ಕೋಚ್. "ಉಂಡು ಆಮೇಲೆ ಹೇಳಿದರೆ ಈ ಅನ್ನಕ್ಕೆ ಮೋಸ ಮಾಡಿದ ಹಾಗಾಗುತ್ತದೆ." ಕುರ್ಚಿಯೊಂದನ್ನು ಎಳೆದು ತೌಸೀಫನ ಎದುರು ಹಾಕಿದರು. ಮಡಚದ ಕಾಲನ್ನು ಬದಿಗೆ ಚಾಚಿ, ಹುಡುಗನ ಕಣ್ಣಿನ ಮಟ್ಟಕ್ಕೆ ಬರುವಂತೆ ಕೂತರು. "ತೌಸೀಫ್, ಹದಿನೆಂಟರಲ್ಲಿ ನಿನ್ನ ಹೆಸರಿಲ್ಲ. ಆರಿಸಿದ್ದು ನಾನು. ಬೇರೆ ಯಾರೂ ಅಲ್ಲ."

ಸುಹರಾಳಿಗೆ ಅನುವಾದ ಬೇಕಾಗಲಿಲ್ಲ. ಮಗನ ಮುಖವೇ ಸಾಕಾಯಿತು. ಅವಳು ಅಡುಗೆಮನೆಗೆ ನಡೆದು ಅಲ್ಲಿಂದಲೇ ಸಿಡಿದಳು. "ಇದನ್ನು ಹೇಳ್ಲಿಕ್ಕೆ ಮನೆವರೆಗೆ ಬರ್ಬೇಕಿತ್ತಾ? ಫೋನಿಲ್ವಾ ಇವರ ಹತ್ರ? ಮಗುವಿನ ಎದುರು ಕೂತು ಹೇಳ್ಲಿಕ್ಕೆ ಮನಸ್ಸಾದ್ರೂ ಹೇಗೆ ಬಂತು?"

ಫಾರೂಕನ ರಕ್ತವೂ ಕುದಿಯುತ್ತಿತ್ತು. "ಒಂದು ಮೆಸೇಜ್ ಹಾಕಿದ್ದರೆ ಆಗುತ್ತಿತ್ತಲ್ಲ ಕೋಚ್," ಎಂದ.

"ನನ್ನನ್ನು ಐದು ಸಲ ಕೈಬಿಟ್ಟಿದ್ದಾರೆ ಫಾರೂಕ್," ಎಂದರು ಅವರು. ದನಿ ಎತ್ತರಿಸಲಿಲ್ಲ. "ಮೊದಲ ಸಲ ನನಗೆ ಹತ್ತೊಂಬತ್ತು. ಬಟ್ಟೆ ಬದಲಾಯಿಸುವ ಕೋಣೆಗೆ ಹೋದೆ. ನನ್ನ ಗೂಟದಲ್ಲಿ ಇನ್ನೊಬ್ಬನ ಅಂಗಿ ನೇತಾಡುತ್ತಿತ್ತು. ಯಾರೂ ನನ್ನತ್ತ ನೋಡಲಿಲ್ಲ. ಇನ್ನೊಂದು ಸಲ ನನ್ನ ಹೆಂಡತಿಗೆ ಹೇಳಿದ್ದು ದಿನಸಿ ಅಂಗಡಿಯವನು; ಅವನು ಪೇಪರಿನಲ್ಲಿ ಓದಿದ್ದನಂತೆ. ಅವಳು ಸಾಮಾನಿನ ಚೀಲ ಹಿಡಿದುಕೊಂಡು ಬಂದು ನನಗೆ ಹೇಳಿದಳು. ಬಾಗಿಲಿಗೆ ಅಂಟಿಸಿದ ಚೀಟಿ, ಫೋನಿನಲ್ಲಿ ರೆಕಾರ್ಡಾದ ದನಿ, ಎಲ್ಲ ಆಯಿತು. ಐದನೇ ಸಲ ಮಾತ್ರ ನಮ್ಮ ಮುದುಕ ಮ್ಯಾನೇಜರ್ ಎರಡು ಬಸ್ಸು ಬದಲಾಯಿಸಿ ನನ್ನ ಮನೆಗೆ ಬಂದ. ಮುಖ ನೋಡಿ ಹೇಳಿದ. ಆ ದಿನವೂ ನಾನು ಅತ್ತಿದ್ದೆ. ಆದರೆ ಅವತ್ತು ನಾನು ಮನುಷ್ಯ ಅನ್ನಿಸಿತ್ತು."

ಫಾರೂಕನಿಗೆ ಉಳ್ಳಾಲದ ಮರಳಿನ ಮೈದಾನ ಕಣ್ಣ ಮುಂದೆ ಬಂತು. ಹದಿನೇಳನೇ ವಯಸ್ಸಿನಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಾದವರ ಹೆಸರು ಹೇಳುತ್ತಾರೆಂದು ಅವನು ಒಂದು ವಾರ ದಿನಾ ಬೂಟು ಹಿಡಿದು ಹೋಗಿದ್ದ. ತಂಡ ಆಗಲೇ ಬಸ್ಸು ಹತ್ತಿ ಹೋಗಿದೆ ಎಂದು ಕೊನೆಗೆ ಹೇಳಿದ್ದು ಕಡಲೆ ಮಾರುವವನು. ಅಂದಿನಿಂದ ಫಾರೂಕ್ ಚೆಂಡು ಮುಟ್ಟಿಲ್ಲ. ಈಗ ಮಗನೂ ಹಾಗೇ ಮುಚ್ಚಿಕೊಂಡುಬಿಟ್ಟರೆ ಎಂಬ ಹೆದರಿಕೆ ಅವನ ಎದೆಯಲ್ಲಿ ಕೂತಿತು. ಸಲಾಲಾ ಹೋದರೆ ಹೋಗಲಿ, ಮಗ ಉಳಿಯಬೇಕಲ್ಲ.

ತೌಸೀಫ್ ಕೇಳಿದ. "ನನ್ನಲ್ಲಿ ಏನು ಕಡಿಮೆ ಕೋಚ್?"

ಆಮೇಲಿನ ಒಂದು ಗಂಟೆಯನ್ನು ಫಾರೂಕ್ ಸಾಯುವವರೆಗೆ ಮರೆಯಲಾರ. ಕೋಚ್ ಕೈಯಲ್ಲಿ ಕಾಗದವಿರಲಿಲ್ಲ, ಮೊಬೈಲಿರಲಿಲ್ಲ. ಏಳು ತಿಂಗಳಲ್ಲಿ ತೌಸೀಫ್ ಏನು ಮಾಡಿದ್ದನೋ ಎಲ್ಲವೂ ಅವರ ತಲೆಯಲ್ಲಿತ್ತು. ಸೊಹಾರಿನ ಪಂದ್ಯದಲ್ಲಿ ಎಡಗಡೆಯಿಂದ ಓಡಿಬಂದವನಿಗೆ ತಿರುಗುವುದು ತಡವಾದದ್ದು, ಇನ್ನೊಂದು ದಿನ ಅದನ್ನೇ ತಿದ್ದಿಕೊಂಡದ್ದು, ಬಾಸಿಲ್ ಎಲ್ಲಿ ನಿಲ್ಲಬೇಕೆಂದು ಚೆಂಡು ಬರುವ ಮೊದಲೇ ಕೂಗಿ ಹೇಳಿದ್ದು. "ಆಟ ನಿನಗೆ ಬೇರೆಯವರಿಗಿಂತ ಮುಂಚೆ ಕಾಣುತ್ತದೆ. ಕಾಲು ಮಾತ್ರ ಹಿಂದುಳಿದಿದೆ. ಏಳು ತಿಂಗಳಲ್ಲಿ ನೀನು ಎಂಟು ಸೆಂಟಿಮೀಟರ್ ಬೆಳೆದಿದ್ದೀ. ಹೊಸ ಕಾಲಿನ ಅಭ್ಯಾಸ ನಿನಗಿನ್ನೂ ಆಗಿಲ್ಲ. ಅದು ಬೈದರೆ ಬರುವಂಥದ್ದಲ್ಲ."

ಎಂಟು ಸೆಂಟಿಮೀಟರ್! ಹೊಸ ಯೂನಿಫಾರ್ಮಿಗೆ ದುಡ್ಡು ಕೊಡುವಾಗ ಗೊಣಗಿದ್ದು ಬಿಟ್ಟರೆ ಫಾರೂಕನಿಗೆ ಅದು ಗೊತ್ತೇ ಆಗಿರಲಿಲ್ಲ.

"ಫೆಬ್ರವರಿಯಲ್ಲಿ ಎರಡು ವಾರ ನೀನು ನಗಲಿಲ್ಲ," ಎಂದರು ಕೋಚ್. "ಚಂದನ್ ಬೈದರೂ ತಿರುಗಿ ಬೈಯಲಿಲ್ಲ. ಯಾಕೆ ಅಂತ ನಾನು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ತಪ್ಪು."

ಇಸುಬು ತಲೆಯೆತ್ತಿದರು. ಫೆಬ್ರವರಿಯಲ್ಲಿ ಊರಿನಲ್ಲಿ ಅವರ ಹೆಂಡತಿ ತೀರಿಕೊಂಡಿದ್ದರು. ಆ ಮೇಲೇ ಅವರು ಮಗಳ ಜೊತೆ ಇರಲು ಇಲ್ಲಿಗೆ ಬಂದದ್ದು. ಸುಹರಾ ಅತ್ತಿದ್ದಳು, ಎಲ್ಲರೂ ಅವಳನ್ನು ಸಮಾಧಾನ ಮಾಡಿದ್ದರು. ಅಜ್ಜಿ ಎಂದರೆ ಪ್ರಾಣ ಬಿಡುತ್ತಿದ್ದ ಹುಡುಗನನ್ನು ಯಾರೂ ಕೇಳಿರಲಿಲ್ಲ. ಫಾರೂಕ್ ಕೋಚ್ ಹೇಳಿದ್ದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಸುಹರಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಸಿಟ್ಟೆಲ್ಲ ಎಲ್ಲಿಗೋ ಹೋಗಿತ್ತು. ಹಿಂದಿನಿಂದ ಬಂದು ಮಗನ ತಲೆಯ ಮೇಲೆ ಕೈಯಿಟ್ಟಳು. ಆಗ ತೌಸೀಫ್ ಅತ್ತ.

ಫಾರೂಕ್ ಆ ದೊಡ್ಡ, ಪೆಟ್ಟು ತಿಂದ ಮೂಗಿನ ಮುಖವನ್ನು ಬೆರಗಾಗಿ ನೋಡುತ್ತ ಕೂತ. ತನ್ನ ಮನೆಯಲ್ಲಿ, ತನ್ನ ಕಣ್ಣೆದುರು ಬೆಳೆಯುವ ಮಗನನ್ನು ಇಷ್ಟು ನೋಡಿದ್ದು ಈ ಪರದೇಶಿ. ಅದೂ ಒಬ್ಬನನ್ನಲ್ಲ, ಇಪ್ಪತ್ತೊಂಬತ್ತು ಮಕ್ಕಳನ್ನು.

"ಮುಂದಿನ ವರ್ಷ ತಕ್ಕೊಳ್ತಾರಾ ಅಂತ ಕೇಳು," ಎಂದರು ಇಸುಬು.

"ಗೊತ್ತಿಲ್ಲ," ಎಂದರು ಕೋಚ್. "ಭರವಸೆ ಕೊಡುವುದಿಲ್ಲ. ಬಂದು ಕೇಳಿದರೆ ಮತ್ತೆ ನೋಡುತ್ತೇನೆ."

"ಬಾಯಿಮಾತಿಗೂ ಸುಳ್ಳು ಹೇಳ್ಲಿಲ್ಲ ನೋಡು," ಎಂದರು ಮುದುಕರು. "ಬಡಿಸು ಸುಹರಾ."

ಕೋಚ್ ಕೈಯಿಂದಲೇ ಉಂಡರು, ಸುಕ್ಕದ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಮೂರು ಸಲ ಹಾಕಿಸಿಕೊಂಡರು. ಕೇಕ್ ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ತೌಸೀಫನೇ ಚಾಕು ತೆಗೆದುಕೊಂಡು ಸಲಾಲಾ ಎಂಬ ಅಕ್ಷರಗಳನ್ನು ಹೆರೆದು ಬದಿಗಿಟ್ಟ, ಉಳಿದದ್ದನ್ನು ಕತ್ತರಿಸಿ ಎಲ್ಲರಿಗೂ ಕೊಟ್ಟ. ಆಮೇಲೆ ಕೋಣೆಗೆ ಹೋಗಿ ಬೂಟುಗಳನ್ನು ತಂದು ಬಾಗಿಲ ಬಳಿಯ ಕಸದ ಚೀಲದ ಪಕ್ಕದಲ್ಲಿಟ್ಟ.

"ಇನ್ನೆಷ್ಟು ಮನೆ ಉಂಟು ಕೋಚ್?" ಎಂದು ಫಾರೂಕ್ ಕೇಳಿದ.

"ನಿಮ್ಮದು ಎರಡನೆಯದು. ಇವತ್ತು ಇನ್ನೊಂದು, ಚಂದನನ ಮನೆ. ದಾರಿ ಸರಿಯಾಗಿ ಗೊತ್ತಿಲ್ಲ."

ಅಲ್ ಹೈಲಿನ ಗಲ್ಲಿಗಳಲ್ಲಿ ಒಂದೇ ಬಣ್ಣದ ಮನೆಗಳ ನಡುವೆ ಹೊಸಬರು ಸುತ್ತಿದ್ದೇ ಸುತ್ತುತ್ತಾರೆ. ಫಾರೂಕ್ ಕಾರಿನ ಕೀ ತೆಗೆದುಕೊಂಡ. ಕರೆಯದಿದ್ದರೂ ತೌಸೀಫ್ ಬಂದು ಹಿಂದಿನ ಸೀಟಿನಲ್ಲಿ ಕೂತ.

ಅರ್ಧ ದಾರಿಯಲ್ಲಿ ಚಂದನನ ತಂದೆ ಶ್ರೀನಿವಾಸಮೂರ್ತಿಯವರ ಫೋನು. ಮೈಸೂರಿನವರು, ಸೊಹಾರಿನ ಕಾರ್ಖಾನೆಯಲ್ಲಿ ಇಂಜಿನಿಯರ್, ವಾರಾಂತ್ಯಕ್ಕೆ ಮನೆಗೆ ಬರುವವರು. ಕಾರಿನ ಸ್ಪೀಕರಿನಲ್ಲಿ ಅವರ ಉತ್ಸಾಹ ಉಕ್ಕಿತು. "ಫಾರೂಕ್ ಅವ್ರೇ, ಕೋಚು ನಮ್ಮನೇಗೂ ಬರ್ತಿದಾರೆ ಕಣ್ರೀ! ಒಬ್ಬಟ್ಟು ಮಾಡ್ಸಿದೀನಿ. ನಿಮ್ಮನೇಗೂ ಬರ್ತಾರೆ ಅಂತ ಕೇಳ್ದೆ, ಕಂಗ್ರಾಟ್ಸ್ ರೀ!"

"ಕರ್ಕೊಂಡು ಬರ್ತಾ ಇದ್ದೇನೆ ಸಾರ್," ಎಂದಷ್ಟೇ ಹೇಳಿ ಫಾರೂಕ್ ಫೋನಿಟ್ಟ.

"ಅಲ್ಲೂ ಕೇಕ್ ಇದೆಯೇ?" ಎಂದು ಕೋಚ್ ಮೆಲ್ಲಗೆ ಕೇಳಿದರು.

"ಕೇಕಲ್ಲ. ಒಬ್ಬಟ್ಟು. ಅದೂ ಸಿಹಿಯೇ. ನಾನು ಅವರಿಗೆ ಮೊದಲೇ ಸ್ವಲ್ಪ ಸೂಚನೆ ಕೊಡಲಾ ಕೋಚ್?"

"ಬೇಡ. ಅದು ನನ್ನ ಕೆಲಸ."

"ಚಂದನ್ ಕೂಡಾ?" ಎಂದ ತೌಸೀಫ್ ಹಿಂದಿನಿಂದ.

"ಆ ಪ್ರಶ್ನೆಗೆ ಉತ್ತರ ಮೊದಲು ಸಿಗಬೇಕಾದದ್ದು ಚಂದನನಿಗೆ," ಎಂದರು ಕೋಚ್.

ಚಂದನನ ಮನೆ ನೆಲಮಹಡಿಯಲ್ಲಿ, ಬಾಗಿಲು ರಸ್ತೆಗೇ ತೆರೆಯುತ್ತದೆ. ಬಾಗಿಲ ಮುಂದೆ ಪುಟ್ಟ ರಂಗೋಲಿ, ಅದರ ನಡುವೆ ಹಳದಿ ಪುಡಿಯಲ್ಲಿ ಬಿಡಿಸಿದ ಫುಟ್‌ಬಾಲ್. ಕೋಚ್ ಕಾರಿನಿಂದಿಳಿದು ಕಾಲೆಳೆಯುತ್ತ ಹೋಗಿ ಅದನ್ನು ತುಳಿಯದಂತೆ ಬದಿಗೆ ನಿಂತರು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಬೆಲ್ಲಿನತ್ತ ಕೈಯೆತ್ತಿದರು, ಇಳಿಸಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಮುನ್ನೂರ ನಲವತ್ತೊಂದು ಪಂದ್ಯಗಳಲ್ಲಿ ಮೂಗು ಒಡೆಸಿಕೊಂಡು, ಮೊಣಕಾಲು ಕಳೆದುಕೊಂಡು ಆಡಿದ ಮನುಷ್ಯ ಒಂದು ಕರೆಗಂಟೆಗೆ ಹೆದರಿ ನಿಂತಿದ್ದರು. ನಮ್ಮ ಮನೆಯ ಬಾಗಿಲಲ್ಲೂ ಹೀಗೇ ನಿಂತಿರಬೇಕು ಎಂಬುದು ಫಾರೂಕನಿಗೆ ಆಗ ಹೊಳೆಯಿತು. ಇಷ್ಟು ಹೆದರಿಕೆ ಇದ್ದೂ ಒಳಗೆ ಬಂದರಲ್ಲ! ಅವನ ಕಣ್ಣು ಮಂಜಾಯಿತು.

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ತೌಸೀಫ್ ಇಳಿದು ಹೋಗಿ ಕೋಚ್ ಪಕ್ಕ ನಿಂತ.

"ನೀನು ಕಾರಿನಲ್ಲಿರು ಮಗು," ಎಂದರು ಅವರು.

"ಚಂದನ್ ಮುಂದೆ ನಿಲ್ಲೋದು ಯಾವಾಗ್ಲೂ ನಾನೇ ಕೋಚ್," ಎಂದ ತೌಸೀಫ್.

ಕೋಚ್ ಅವನನ್ನು ನೋಡಿದರು. ಸರಿಯೆಂದು ತಲೆ ಆಡಿಸಿದರು. ಫಾರೂಕ್ ಎಂಜಿನ್ ಆರಿಸಿದ. ಉರಿಯುವ ರಸ್ತೆಗಿಳಿದು ಅವರಿಬ್ಬರ ಹಿಂದೆ ಹೋಗಿ ನಿಲ್ಲುವಷ್ಟರಲ್ಲಿ ಮಗ ಬೆಲ್ ಒತ್ತಿದ್ದ.